ಮಳೆ ಬಂದರೆ ಹೋಳಿಗೆ

ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡುವ ಮುಂಚೆ ಹೊಸದುರ್ಗದ ದೊಡ್ಡಕ್ಕನನ್ನು ಯಾರಾದರೂ ಒಂದು ಮಾತು ಕೇಳಬೇಕಾಗಿತ್ತು. ಕೇಳಿದ್ದರೆ, "ಬ್ಯಾಡ ಕಣ್ರಪ್ಪಾ, ನಮ್ ಬಾಯಿಗೆ ಕಾವಲು ಇರೋದೇ ಆ ಟಿಕೇಟು" ಎಂದು ಕೈ ಮುಗಿದು ಬೇಡಿಕೊಳ್ಳುತ್ತಿದ್ದಳು. ಯಾರೂ ಕೇಳಲಿಲ್ಲ. ಅನುಭವಿಸಿದವಳು ಅವಳು.

ಅದು ಹೇಗೆಂದರೆ, ನಮ್ಮ ಸೀಮೆಯಲ್ಲಿ ಒಂದು ಪದ್ಧತಿ ಇದೆ. ಉಣ್ಣುತ್ತಾ ಕೂತಾಗ ಬಾಗಿಲ ಮುಂದೆ ಯಾರು ಹಾದರೂ "ಬರ್ರಿ, ಉಣ್ಣಾಣ" ಅನ್ನಬೇಕು. ಹಾದುಹೋಗುವವರು "ಆತು, ನೀವು ಉಣ್ರಿ" ಅಂದು ಹಾದೇ ಹೋಗಬೇಕು. ಕರೆದವರಿಗೂ ಮರ್ಯಾದೆ, ಹೋದವರಿಗೂ ಮರ್ಯಾದೆ, ಪಾತ್ರೆಯಲ್ಲಿರುವ ಮುದ್ದೆಗೂ ಅಪಾಯವಿಲ್ಲ. ದೊಡ್ಡಕ್ಕ ಹಟ್ಟಿಯಲ್ಲಿ ಕುರಿ ಹಿಂದೆ ಓಡಾಡುತ್ತಿದ್ದ ಕಾಲದಿಂದ ಹಿಡಿದು, ಮಗ ರಂಗೇಶ್ ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕೆ ಸೇರಿ ಹೊಸದುರ್ಗದಲ್ಲಿ ಮನೆ ಮಾಡುವವರೆಗೆ ಹೀಗೆ ಅರ್ಧ ತಾಲ್ಲೂಕನ್ನು ಊಟಕ್ಕೆ ಕರೆದಿದ್ದಾಳೆ. ಒಬ್ಬರಾದರೂ ಬಂದು ತಟ್ಟೆ ಮುಂದೆ ಕೂತ ದಾಖಲೆ ಇಲ್ಲ.

ಹೋದ ದೀಪಾವಳಿ ಕಳೆದ ಮೇಲೆ ದೊಡ್ಡಕ್ಕ ಕಣ್ಣಿನ ಪೊರೆ ತೆಗೆಸಲು ಚಿತ್ರದುರ್ಗದ ಒಂದು ಆಸ್ಪತ್ರೆಗೆ ಹೋಗಿದ್ದಳು. ಅಲ್ಲಿ ಸಾಲಾಗಿ ನಾಲ್ಕು ಮಂಚ. ಒಂದರಲ್ಲಿ ಹಿರಿಯೂರಿನ ತಿಪ್ಪಮ್ಮ, ಒಂದರಲ್ಲಿ ಹೊಳಲ್ಕೆರೆಯ ಏಕನಾಥಮ್ಮ, ಇನ್ನೊಂದರಲ್ಲಿ ದುರ್ಗದವಳೇ ಆದ ಮೆಹರುನ್ನೀಸಾ. ನಾಲ್ವರಿಗೂ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣಿಗೆ ಪೊರೆ. ಯಾರ ಮುಖ ಯಾರಿಗೂ ಸರಿಯಾಗಿ ಕಾಣಲಿಲ್ಲ. ಬಾಯಿಗೆ ಮಾತ್ರ ಯಾರೂ ಪಟ್ಟಿ ಕಟ್ಟಿರಲಿಲ್ಲವಾದ್ದರಿಂದ ಬಿಡುಗಡೆಯಾಗುವ ಹೊತ್ತಿಗೆ ಒಬ್ಬರ ಹೊಟ್ಟೆಯ ಸಂಗತಿ ಇನ್ನೊಬ್ಬರಿಗೆ ಪೂರ್ತಿ ಗೊತ್ತಾಗಿತ್ತು. ಮೆಹರುನ್ನೀಸಾಳ ಮೊಮ್ಮಗಳು ಸನೋಬರ್ ನಾಲ್ವರ ಫೋನನ್ನೂ ತೆಗೆದುಕೊಂಡು "ಕರಿ ಕನ್ನಡಕ" ಅಂತ ಒಂದು ವಾಟ್ಸಾಪ್ ಗುಂಪು ಮಾಡಿಕೊಟ್ಟಳು. ಬರೆಯುವ ತಾಪತ್ರಯ ಬೇಡ ಅಜ್ಜಿ, ಈ ಗುಂಡಿ ಒತ್ತಿ ಹಿಡಿದು ಮಾತಾಡಿ, ಬಿಡಿ, ಅಷ್ಟೆ ಎಂದಳು. ಎರಡನೇ ಕ್ಲಾಸಿಗೆ ಸ್ಲೇಟು ಒಡೆದುಕೊಂಡು ಮನೆಗೆ ಬಂದ ದೊಡ್ಡಕ್ಕನಿಗೆ ಇಷ್ಟು ಸುಲಭದ ವಿದ್ಯೆ ಲೋಕದಲ್ಲಿ ಇದೆ ಎನ್ನುವುದೇ ಗೊತ್ತಿರಲಿಲ್ಲ.

ಅಲ್ಲಿಂದ ದಿನಾ ಬೆಳಿಗ್ಗೆ ಗುಂಪಿನಲ್ಲಿ ಕಚೇರಿ ಶುರು.

"ಹಿರಿಯೂರಾಗೆ ಮೋಡ ಬಂದಿತ್ತು ಕಣ್ರೇ, ಗಾಳಿ ಹೊಡ್ಕಂಡ್ ಹೋತು," ಎಂದು ತಿಪ್ಪಮ್ಮ ಆರಂಭಿಸುತ್ತಿದ್ದಳು. (ಅವಳ ದನಿಗೆ ಫೋನು ಬೇಕಾಗಿಯೇ ಇರಲಿಲ್ಲ. ಹಿರಿಯೂರಿನಲ್ಲಿ ನಿಂತು ಕೂಗಿದರೆ ಹೊಸದುರ್ಗಕ್ಕೆ ಕೇಳಿಸೀತು.) "ನಾನು ಎದ್ದು ಕಸ ಹೊಡ್ದು, ಹಾಲು ಕರ್ದು, ಗಿರಣಿಗೆ ಹೋಗಿ ರಾಗಿ ಬೀಸಿಸ್ಕಂಡು ಬಂದೆ. ನಿಮ್ದೇನ್ರೇ?"

"ನಮ್ ದುರ್ಗದಾಗೆ ಕೋಟೆ ಬಂಡೆ ಕಾದು ಊರೇ ಒಲೆ ಆಗೈತೆ," ಎಂದು ಮೆಹರುನ್ನೀಸಾ. ಅವರ ಮನೆಯವರದ್ದು ಹಾಸಿಗೆ, ದಿಂಬಿನ ಅಂಗಡಿ. "ಸುಮ್ನೆ ಕುಂತ್ರೆ ನಂಗೆ ಆಗಲ್ಲ ಅಕ್ಕಾ, ಹತ್ತಿ ಬಿಡಿಸ್ತಾ ಇದೀನಿ."

"ನಾನು ರೇಷನ್ ಅಂಗಡಿ ಮುಂದೆ ನಿಂತಿದೀನಿ," ಎಂದು ಏಕನಾಥಮ್ಮ. "ಮಿಷನ್ನು ನನ್ ಬೆರಳನ್ನೇ ತಗಣ್ತಿಲ್ಲ. ಗೇದು ಗೇದು ಗೆರೆ ಸವೆದೋಗವೆ ಅಂತಾನೆ."

ಇದನ್ನೆಲ್ಲ ಕೇಳಿದ ದೊಡ್ಡಕ್ಕ ಗುಂಡಿಯ ಮೇಲೆ ಬೆರಳಿಟ್ಟು ಯೋಚಿಸುತ್ತಿದ್ದಳು. ಒಬ್ಬಳ ಬೆರಳಿನ ಗೆರೆಯೇ ಸವೆದುಹೋಗಿದೆ. ಇವಳು ಏನು ಹೇಳಬೇಕು? ಎದ್ದೆ, ಸೊಸೆ ಕೊಟ್ಟ ಕಾಫಿ ಕುಡಿದೆ, ಮಂಚದ ಮೇಲೆ ಕೂತೆ ಅಂತಲೇ?

ನಿಜ ಇದ್ದದ್ದು ಅಷ್ಟೆ. ಆಪರೇಷನ್ ಆದಾಗ ಡಾಕ್ಟರು, ಒಂದು ತಿಂಗಳು ಬಗ್ಗಬೇಡಿ, ಒಲೆ ಮುಂದೆ ಕೂರಬೇಡಿ, ಭಾರ ಎತ್ತಬೇಡಿ ಎಂದಿದ್ದರು. ಸೊಸೆ ಗಂಗಾ ಅದನ್ನು ದೇವರ ಮಾತಿನಂತೆ ಪಾಲಿಸಿದಳು. ಸಂಕ್ರಾಂತಿ ಹೋಯಿತು, ಯುಗಾದಿ ಹೋಯಿತು, ದೊಡ್ಡಕ್ಕನ ಆ ಒಂದು ತಿಂಗಳು ಮಾತ್ರ ಮುಗಿಯಲೇ ಇಲ್ಲ. ಗಂಗಾ ಅಪ್ಪಿತಪ್ಪಿ "ಅತ್ತೆ, ಈ ಬೆಳ್ಳುಳ್ಳಿ ಸ್ವಲ್ಪ ಸುಲೀತೀರಾ?" ಅಂದರೆ ಸಾಕು, "ಅಯ್ಯೋ, ಕಣ್ಣು ಚುಚ್ಚಿದಂಗಾಗ್ತೈತೆ ಕಣವ್ವಾ" ಎಂದು ದೊಡ್ಡಕ್ಕ ಕರಿ ಕನ್ನಡಕ ಏರಿಸಿಬಿಡುತ್ತಿದ್ದಳು. ಹುಟ್ಟಿದಾಗಿನಿಂದ ದುಡಿದ ದೇಹಕ್ಕೆ ಕೂರುವ ಸುಖ ಈಗ ತಾನೆ ಸಿಕ್ಕಿತ್ತು. ಬಿಡಲು ಮನಸ್ಸು ಬಾರದು.

ಆದರೆ ಗುಂಪಿನಲ್ಲಿ ಮಾನ ಉಳಿಯಬೇಕಲ್ಲ? ದೊಡ್ಡಕ್ಕ ಒಂದು ದಾರಿ ಕಂಡುಕೊಂಡಳು. ಮಂಚದ ಮೇಲೆ ಕಾಲು ಚಾಚಿ ಕೂತು, ಗಂಗಾ ಮಾಡುವ ಕೆಲಸವನ್ನೆಲ್ಲ ನೋಡುತ್ತಾ, ಕ್ರಿಕೆಟ್ ಆಟ ವರ್ಣಿಸುವವರ ಹಾಗೆ, ಆದರೆ ತಾನೇ ಬ್ಯಾಟು ಹಿಡಿದವಳ ಹಾಗೆ ಹೇಳತೊಡಗಿದಳು. "ಈಗ ರೊಟ್ಟಿ ಬಡೀತಾ ಇದೀನಿ ಕಣ್ರೇ, ಕೇಳಿಸ್ತಾ?" ಎಂದು ಫೋನನ್ನು ಅಡುಗೆಮನೆಯ ಕಡೆ ಹಿಡಿಯುವುದು. ಒಳಗಿನಿಂದ ಗಂಗಾಳ ಕೈ ಪಟ ಪಟ ಎನ್ನುವುದು. ಒಮ್ಮೆ ಗಂಗಾ ಹಿತ್ತಿಲಲ್ಲಿ ಕುರಿಯನ್ನು ಗದರಿದ್ದು ಗುಂಪಿಗೆ ಕೇಳಿಸಿ, "ಯಾರೇ ಅದು ಕೂಗೋದು?" ಎಂದು ತಿಪ್ಪಮ್ಮ ಕೇಳಿಬಿಟ್ಟಳು.

ದೊಡ್ಡಕ್ಕನ ಎದೆ ಧಸಕ್ಕೆಂದಿತು. ಆದರೆ ಬಾಯಿ ಎದೆಗಿಂತ ಚುರುಕು. "ನನ್ ಸೊಸೆ ಕಣೇ. ಈಗ ಎದ್ದವ್ಳೆ. ಕಾಫಿ ತಡ ಆತು ಅಂತ ಬೈತಾವ್ಳೆ."

ಅಲ್ಲಿಂದ ಗುಂಪಿನಲ್ಲಿ ಗಂಗಾಳ ಕೀರ್ತಿ ದಿನದಿನಕ್ಕೂ ಬೆಳೆಯಿತು. ಅವಳು ಹೊತ್ತು ನೆತ್ತಿಗೆ ಬರುವ ತನಕ ಏಳುವುದಿಲ್ಲ, ಎದ್ದರೂ ಮಂಚ ಬಿಟ್ಟು ಇಳಿಯುವುದಿಲ್ಲ, ಇಳಿದರೂ ಚಪ್ಪಲಿಯನ್ನು ಅತ್ತೆಯೇ ತಂದಿಡಬೇಕು. (ಇದನ್ನು ಹೇಳುವಾಗ ಗಂಗಾ ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿ ಕೈ ತೊಳೆಯಲು ಈಗಷ್ಟೇ ಹೋಗಿದ್ದಳು.) "ಹಾಯ್ ಅಲ್ಲಾ, ನಿನ್ ಸಬೂರಿ ದೊಡ್ದು ಅಕ್ಕಾ," ಎಂದು ಮೆಹರುನ್ನೀಸಾ ಮರುಗುತ್ತಿದ್ದಳು.

ಈ ಸಡಗರದಲ್ಲಿಯೇ ಒಂದು ದಿನ, ಎಲ್ಲರೂ ಬಿಸಿಲನ್ನು ಶಪಿಸುತ್ತಿರುವಾಗ, ದೊಡ್ಡಕ್ಕ ಹೇಳಿದಳು: "ಮಳೆ ಒಂದು ಬರ್ಲಿ ತಡೀರಿ. ಅವತ್ತೇ ಹೋಳಿಗೆ ಹಾಕ್ತೀನಿ. ಎಲ್ರೂ ಬಂದ್ಬಿಡ್ರಿ ನಮ್ಮನಿಗೆ. ಬಸ್ ಸ್ಟ್ಯಾಂಡಿನಾಗೆ ಕೊಬ್ಬರಿ ಮಂಡಿ ರಂಗೇಶನ ಮನಿ ಅಂದ್ರೆ ಯಾರಾದ್ರೂ ತೋರಿಸ್ತಾರೆ."

"ಆತು, ಬರ್ತೀವಿ," ಎಂದರು ಮೂವರೂ.

ಅವರು "ಆತು, ನೀವು ಉಣ್ರಿ" ಅನ್ನಲಿಲ್ಲ ಎಂಬುದನ್ನು ದೊಡ್ಡಕ್ಕ ಗಮನಿಸಬೇಕಿತ್ತು. ಗಮನಿಸಲಿಲ್ಲ.

ಮಳೆ ಬಂತು. ಬಂದದ್ದು ಹೊಸದುರ್ಗಕ್ಕೆ ಮಾತ್ರ. ಸಂಜೆ ತೆಂಗಿನ ಮರಗಳನ್ನು ಬಗ್ಗಿಸಿ ಸುರಿಯಿತು, ಚರಂಡಿ ಬೀದಿಯಲ್ಲಿ ಹರಿಯಿತು. ದೊಡ್ಡಕ್ಕನಿಗೆ ಸಂತೋಷಕ್ಕಿಂತ ಜಂಬ ಹೆಚ್ಚಾಯಿತು. ಫೋನನ್ನು ಸೂರಿನ ನೀರಿನ ಸದ್ದಿಗೆ ಹಿಡಿದು, "ಕೇಳ್ರೇ ಕೇಳ್ರಿ! ನಮ್ಮೂರಿಗೆ ಬಿತ್ತು ಕಣ್ರೇ! ತಿಪ್ಪಮ್ಮಾ, ನಿಮ್ ಹಿರಿಯೂರಿಗೆ ಬರೀ ಗಾಳೀನಾ?" ಎಂದು ಕೂಗಿ ಗುಂಡಿ ಬಿಟ್ಟಳು. ಮಾತು ಹೋಯಿತು. ಹಿಂದೆಯೇ ಕರೆಂಟೂ ಹೋಯಿತು. ಸ್ವಲ್ಪ ಹೊತ್ತಿಗೆ ಫೋನಿನ ಚಾರ್ಜೂ ಮುಗಿದು ಕಣ್ಣು ಮುಚ್ಚಿತು. ಗುಂಪಿನಲ್ಲಿ ಆಮೇಲೆ ಏನೇನು ಮಾತಾಯಿತು ಎನ್ನುವುದು ದೊಡ್ಡಕ್ಕನಿಗೆ ತಿಳಿಯಲಿಲ್ಲ.

ಬೆಳಿಗ್ಗೆಯೂ ಕರೆಂಟು ಬಂದಿರಲಿಲ್ಲ. ರಂಗೇಶ್ ಮಂಡಿಗೆ ಹೋಗಿದ್ದ. ಗಂಗಾ ಸೀರೆ ಎತ್ತಿ ಕಟ್ಟಿಕೊಂಡು ಅಂಗಳದ ರೊಚ್ಚೆ ಬಳಿಯುತ್ತಿದ್ದಳು. ದೊಡ್ಡಕ್ಕ ಪಡಸಾಲೆಯ ಮಂಚದ ಮೇಲೆ ಎರಡನೇ ಕಾಫಿ ಹೀರುತ್ತಿದ್ದಳು. ಆಗ ತಿಪ್ಪಮ್ಮನ ದನಿ ಕೇಳಿಸಿತು.

"ದೊಡ್ಡಕ್ಕಾ! ಏ ದೊಡ್ಡಕ್ಕಾ!"

ದೊಡ್ಡಕ್ಕ ಫೋನು ನೋಡಿದಳು. ಫೋನು ಸತ್ತಿತ್ತು. ಸತ್ತ ಫೋನಿನಿಂದ ತಿಪ್ಪಮ್ಮ ಕೂಗುತ್ತಿದ್ದಾಳೆ! ದೊಡ್ಡಕ್ಕ ಫೋನನ್ನು ದೂರ ತಳ್ಳಿ ಎದೆಗೆ ಉಗಿದುಕೊಂಡಳು.

"ಕರಿ ಕನ್ನಡಕದೋರು ಬಂದೀವಿ ಕಣೇ! ಬಾಗ್ಲಿಗೆ ಬಾ!"

ಕಿಟಕಿಯಲ್ಲಿ ಇಣುಕಿದರೆ ಬೀದಿಯಲ್ಲಿ ಮೂರು ಮುದುಕಿಯರು, ಮೂರೂ ಮುಖಕ್ಕೆ ಕರಿ ಕನ್ನಡಕ, ಕೈಯಲ್ಲಿ ಚೀಲ. ದೊಡ್ಡಕ್ಕನಿಗೆ ಭೂಮಿ ಬಾಯಿ ಬಿಟ್ಟ ಹಾಗಾಯಿತು. ಏಳು ದಶಕಗಳ ಪದ್ಧತಿ ಅವಳ ಕಣ್ಣೆದುರಿಗೇ ಮುರಿದುಬಿದ್ದಿತ್ತು. ಕರೆದವರು ಬಂದುಬಿಟ್ಟಿದ್ದರು!

ಕಾಫಿ ಲೋಟ ಮಂಚದ ಕೆಳಗೆ ಹೋಯಿತು. ಗಂಗಾ ಅರ್ಧ ಆರಿಸಿಟ್ಟಿದ್ದ ತೊಗರಿಬೇಳೆಯ ಮೊರ ದೊಡ್ಡಕ್ಕನ ತೊಡೆಗೆ ಬಂತು. ಅಷ್ಟರಲ್ಲಿ ತಿಪ್ಪಮ್ಮ ಅಂಗಳಕ್ಕೆ ಕಾಲಿಟ್ಟು, ಮೊಣಕಾಲುದ್ದ ಕೆಸರಲ್ಲಿ ನಿಂತ ಗಂಗಾಳನ್ನು ಕೇಳಿಯೂ ಆಗಿತ್ತು.

"ಏನವ್ವಾ, ಕೂಲಿಗೆ ಬಂದೀಯಾ? ಆ ಮಹಾರಾಣಿ ಎದ್ದವ್ಳಾ, ಇಲ್ಲಾ ಇನ್ನೂ ಮಂಚದ ಮ್ಯಾಲೆ ಬಿದ್ದವ್ಳಾ?"

"ಯಾವ ಮಹಾರಾಣಿ?" ಎಂದಳು ಗಂಗಾ.

"ಅದೇ, ದೊಡ್ಡಕ್ಕನ ಸೊಸೆ! ಆ ಅತ್ತೆ ಗೋಳು ದಿನಾ ಕೇಳ್ತೀವಲ್ಲ. ರೊಟ್ಟಿ ಬಡ್ದು, ನೀರು ಹೊತ್ತು, ಸೊಸೆ ಚಪ್ಪಲಿ ತಂದಿಕ್ಕಿ ಸಾಯ್ತಾವ್ಳೆ ಪಾಪ."

ಗಂಗಾ ಪೊರಕೆ ಹಿಡಿದು ಹಾಗೇ ನಿಂತಳು. ತಿಪ್ಪಮ್ಮನನ್ನು ನೋಡಿದಳು. ಹಿಂದೆ ನಿಂತ ಇಬ್ಬರನ್ನು ನೋಡಿದಳು. ಕೊನೆಗೆ ಬಾಗಿಲ ಒಳಗೆ ಮೊರ ಹಿಡಿದು ಕೂತ ಅತ್ತೆಯನ್ನು ನೋಡಿದಳು. ದೊಡ್ಡಕ್ಕ ಕಣ್ಣಲ್ಲೇ ಅಂಗಲಾಚಿದಳು. ಗಂಗಾ ಒಂದು ಮಾತು ನಿಜ ಹೇಳಿದರೆ ಸಾಕು, ಮೂರು ಊರಿಗೆ ನಗೆಪಾಟಲು. ನಾಳೆಯಿಂದ ಬೆಳಗಿನ ಹೊತ್ತು ಮಾತಾಡಿಸುವವರು ಯಾರು?

ಗಂಗಾ ಪೊರಕೆಯನ್ನು ಗೋಡೆಗೆ ಒರಗಿಸಿದಳು.

"ಆ ಸೊಸೆ ನಾನೇ ಕಣವ್ವಾ," ಎಂದಳು. "ಯಾಕೋ ಇವತ್ತು ಬೇಗ ಎಚ್ಚರ ಆತು. ಅತ್ತೇ, ನಿಮ್ ಗೆಳತೇರು ಬಂದವ್ರೆ. ಅಂಗಳ ನೀವು ಅರ್ಧಕ್ಕೇ ಬಿಟ್ಟಿದ್ರಿ ಅಂತ ಸುಮ್ನೆ ನೋಡ್ತಿದ್ದೆ. ನಂಗೆ ಸುಸ್ತಾತು. ಕಾಫಿ ಕೊಡ್ರಿ."

ಕಾಲು ತೊಳೆದು ಬಂದವಳೇ ಮಂಚದ ಮೇಲೆ ಉದ್ದಕ್ಕೆ ಮಲಗಿ, ರಟ್ಟಿನ ಚೂರಿನಿಂದ ಗಾಳಿ ಹಾಕಿಕೊಳ್ಳತೊಡಗಿದಳು. ದೊಡ್ಡಕ್ಕ ಗರ ಬಡಿದವಳಂತೆ ಎದ್ದು ನಿಂತಳು.

"ನೋಡ್ರೇ, ನೋಡ್ರಿ," ಎಂದು ಏಕನಾಥಮ್ಮ ಮೆಲ್ಲಗೆ ಉಸುರಿದಳು. "ದೊಡ್ಡಕ್ಕ ಹೇಳಿದ್ದು ಕಮ್ಮೀನೇ."

ಗೆಳತಿಯರು ಬಂದ ಕಥೆ ಹೇಳಿಕೊಂಡರು. ದುರ್ಗದಿಂದ ಹೊರಟ ಮೆಹರುನ್ನೀಸಾ ಹೊಳಲ್ಕೆರೆಯಲ್ಲಿ ಕಂಡಕ್ಟರನ ಜೊತೆ ಕಿಟಕಿ ಸೀಟಿಗೆ ಜಗಳ ಆಡುತ್ತಿದ್ದಾಗ, ಆಗ ತಾನೆ ಹತ್ತಿದ ಏಕನಾಥಮ್ಮ ದನಿಯಿಂದಲೇ ಗುರುತು ಹಿಡಿದಳಂತೆ. ತಿಪ್ಪಮ್ಮನನ್ನು ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಹುಡುಕುವ ಪ್ರಮೇಯವೇ ಬರಲಿಲ್ಲವಂತೆ.

"ರಾತ್ರಿಯೆಲ್ಲಾ ಫೋನಿನಾಗೆ ಕೂಗಿದ್ವಿ ನಿನ್ನ," ಎಂದಳು ತಿಪ್ಪಮ್ಮ. "ಮಾತೇ ಇಲ್ಲ. ಪಾಪ, ಬೇಳೆ ಬೇಯಿಸ್ತಿರ್ಬೇಕು ಅಂದ್ಕಂಡ್ವಿ. ಆಧಾರ್ ತೋರಿಸಿದ್ವಿ, ಬಂದ್ವಿ. ಎಲ್ಲೇ ಹೋಳಿಗೆ?"

"ಈಗ... ಈಗ ಹಾಕ್ತೀನಿ," ಎಂದು ದೊಡ್ಡಕ್ಕ ಅಡುಗೆಮನೆಗೆ ನುಗ್ಗಿದಳು. ನುಗ್ಗಿದವಳು ಅಲ್ಲಿಯೇ ಕಲ್ಲಾದಳು. ಹಲಗೆಯ ಮೇಲೆ ಸಾಲುಸಾಲು ಪ್ಲಾಸ್ಟಿಕ್ ಡಬ್ಬಿ, ಎಲ್ಲದಕ್ಕೂ ಒಂದೇ ನೀಲಿ ಮುಚ್ಚಳ. ಯಾವುದರಲ್ಲಿ ಉಪ್ಪು, ಯಾವುದರಲ್ಲಿ ಬೆಲ್ಲ, ಆ ಪರಮಾತ್ಮ ಮತ್ತು ಗಂಗಾ ಇಬ್ಬರಿಗೇ ಗೊತ್ತು. ಕೇಳುವ ಹಾಗಿಲ್ಲ. ದಿನಾ ಅಡುಗೆ ಮಾಡಿ ಸಾಯುವವಳು ಬೆಲ್ಲ ಎಲ್ಲಿದೆ ಅಂತ ಕೇಳುತ್ತಾಳೆಯೇ? ಮೂವರು ಪಡಸಾಲೆಯಲ್ಲಿ ಕಿವಿ ನಿಮಿರಿಸಿ ಕೂತಿದ್ದಾರೆ.

ಆಗ ಮಂಚದಿಂದ ಆಕಳಿಕೆಯೊಂದು ಕೇಳಿಸಿತು. "ಅತ್ತೇ, ಮೂಲೇಲಿರೋ ದೊಡ್ಡ ಡಬ್ಬಿಯಾಗೆ ಬೆಲ್ಲ ತುಂಬಿಟ್ರಲ್ಲ, ಮುಚ್ಚಳ ಸಡಿಲ ಐತೆ, ಇರುವೆ ಹತ್ತಾವು ನೋಡ್ರಿ."

ದೊಡ್ಡಕ್ಕ ಮೂಲೆಯ ಡಬ್ಬಿ ತೆಗೆದಳು. ಬೆಲ್ಲ!

"ಅತ್ತೇ, ಮೈದಾ ಅದರ ಪಕ್ಕದಾಗೇ ಇಟ್ಟೀರಿ, ಹುಳ ಬಿದ್ದೈತಾ ಏನೋ. ನಂಗೆ ಎದ್ದು ನೋಡಾಕೆ ಆಗಲ್ಲಪ್ಪ."

"ಎಂಥ ನಾಲಿಗೆ ಇದು!" ಎಂದು ತಿಪ್ಪಮ್ಮ ಹಲ್ಲು ಕಡಿದಳು. ಒಳಗೆ ದೊಡ್ಡಕ್ಕ ಆ ನಾಲಿಗೆಗೆ ಮನಸ್ಸಿನಲ್ಲೇ ಕೈ ಮುಗಿದಳು.

ಬೇಳೆ ಬೇಯಿಸಲು ಗ್ಯಾಸಿನ ಲೈಟರನ್ನು ಎಷ್ಟು ಸಲ ಒತ್ತಿದರೂ ಕಟಕಟ ಎಂದಿತೇ ಹೊರತು ಕಿಡಿ ಬರಲಿಲ್ಲ. ಮಿಕ್ಸಿ ಇತ್ತು, ಕರೆಂಟಿಲ್ಲ. ದೊಡ್ಡಕ್ಕನ ಕಣ್ಣಿಗೆ ನೀರು ಬಂತು. ಹಿತ್ತಿಲ ಬಾಗಿಲಿಗೆ ಬಂದು ನಿಂತಳು, ಸುಮ್ಮನೆ ಓಡಿಹೋಗೋಣ ಎನ್ನುವ ಹಾಗೆ. ಅಲ್ಲಿ ನೀರು ಕಾಯಿಸುವ ಸೌದೆ ಒಲೆ ಇತ್ತು. ಅದರ ಪಕ್ಕ, ಹಟ್ಟಿಯಿಂದ ತಂದು ಯಾರೂ ಮುಟ್ಟದೆ ಬಿದ್ದಿದ್ದ ಒಳಕಲ್ಲು.

ಒಳಕಲ್ಲು ಕಂಡದ್ದೇ ತಡ, ದೊಡ್ಡಕ್ಕನಿಗೆ ಹಟ್ಟಿಯ ಉಣ್ಣೆ ಕತ್ತರಿಸುವ ದಿನಗಳು ಕಣ್ಣ ಮುಂದೆ ಬಂದು ನಿಂತವು. ತೀರಿಹೋದ ಗಂಡ ಮುದ್ದಪ್ಪ ಕತ್ತರಿ ಹಿಡಿದವರ ಹಿಂಡನ್ನೇ ಕರೆತಂದು, "ಇವ್ರಿಗೆಲ್ಲಾ ಹೋಳಿಗೆ ಆಗ್ಬೇಕು ಕಣೇ" ಎಂದು ಹೇಳಿ ಮಾಯವಾಗುತ್ತಿದ್ದ. ಕುರಿ ಮೈ ಬೋಳಾಗುವಷ್ಟರಲ್ಲಿ ಇವಳ ಬುಟ್ಟಿ ತುಂಬುತ್ತಿತ್ತು. ಸೆರಗು ಸಿಕ್ಕಿಸಿದಳು. ಕಲ್ಲು ತೊಳೆದಳು. ಒಣ ತೆಂಗಿನಗರಿ ಮುರಿದು ಒಲೆಯಲ್ಲಿ ಉಳಿದ ಕೆಂಡಕ್ಕೆ ಇಟ್ಟು ಊದಿದಳು, ಬೆಂಕಿ ಭಗ್ಗೆಂದಿತು. ಕೈ ತಾನಾಗಿಯೇ ನಡೆಯಿತು. ಬೇಳೆ ಒಂದು ಬೆರಳಿಗೆ ನುರಿಯುವ ಹದಕ್ಕೆ ಕಟ್ಟು ಬಸಿದಳು, ಬೆಲ್ಲ ಬೆರೆಸಿ ಕಲ್ಲಿಗೆ ಹಾಕಿ ಗುಂಡು ತಿರುವಿದಳು, ಕಣಕ ನಾದಿ ಎಣ್ಣೆಯಲ್ಲಿ ನೆನೆಸಿದಳು. ಬಗ್ಗಿದಳು, ಎದ್ದಳು, ಹೊಗೆ ಕುಡಿದಳು, ಕಲ್ಲು ಹೊರಳಿಸಿದಳು. ಡಾಕ್ಟರು ಬೇಡ ಎಂದದ್ದನ್ನೆಲ್ಲ ಸಾಲಾಗಿ ಮಾಡಿದಳು. ಕರಿ ಕನ್ನಡಕ ಎಲ್ಲಿ ಬಿತ್ತೋ ನೆನಪಿಲ್ಲ.

ಹಂಚಿನಿಂದ ಎದ್ದ ಹೋಳಿಗೆ ಬಾಳೆಲೆಯಷ್ಟು ತೆಳುವಾಗಿತ್ತು, ತುಪ್ಪ ಸವರಿದ ಕೂಡಲೇ ಬಾಯಲ್ಲಿ ಕರಗಿತು. ಮೂವರು ಗೆಳತಿಯರೂ ಮಾತು ಬಿಟ್ಟರು. (ತಿಪ್ಪಮ್ಮ ಮಾತು ಬಿಟ್ಟದ್ದು ಹುಟ್ಟಿದ ಮೇಲೆ ಅದೇ ಮೊದಲಿರಬೇಕು.)

"ಅಕ್ಕಾ, ಇಂಥ ಕೈ ನಾನು ನೋಡಿಲ್ಲ," ಎಂದಳು ಮೆಹರುನ್ನೀಸಾ ಕೊನೆಗೆ. "ದಿನಾ ಗೇಯೋ ಕೈಗೆ ಮಾತ್ರ ಇದು ಬರೋದು."

ದೊಡ್ಡಕ್ಕ ಉಬ್ಬಿ ಹಂಡೆಯಾದಳು. ಗಂಗಾ ಮಂಚದಿಂದಲೇ ಕೈ ಚಾಚಿ ಇಸಕೊಂಡು ತಿಂದಳು. ಮೊದಲನೆಯದನ್ನು ಗಬಗಬ ತಿಂದಳು. ಎರಡನೆಯದನ್ನು ನಿಧಾನವಾಗಿ ತಿಂದಳು. ಮೂರನೆಯದನ್ನು ತಿನ್ನುವಾಗ ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

ಹೊರಡುವಾಗ ತಿಪ್ಪಮ್ಮ ಗಂಗಾಳನ್ನು ನಿಲ್ಲಿಸಿಕೊಂಡು, "ನೋಡವ್ವಾ, ವಯಸ್ಸಾದ ಜೀವ. ಅತ್ತೆ ದುಡೀತಾಳೆ ಅಂತ ನೀನು ಹಿಂಗೆ ಬಿದ್ಕಂಡ್ರೆ ದೇವ್ರು ಮೆಚ್ಚಾನಾ?" ಎಂದು ಬುದ್ಧಿ ಹೇಳಿದಳು. ಗಂಗಾ ತಲೆ ತಗ್ಗಿಸಿ, "ತಪ್ಪಾತು ಕಣವ್ವಾ, ತಿದ್ಕಂತೀನಿ," ಎಂದಳು. ಗೆಳತಿಯರು ಸೆರಗಿನಿಂದ ಕಣ್ಣೊರೆಸಿಕೊಂಡು, ಉಳಿದ ಹೋಳಿಗೆಯಲ್ಲಿ ನಾಲ್ಕು ನಾಲ್ಕು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೋದರು.

ಬಾಗಿಲು ಮುಚ್ಚಿತು. ದೊಡ್ಡಕ್ಕ ಬಯ್ಗುಳಕ್ಕೆ ಸಿದ್ಧಳಾಗಿ ಕಂಬಕ್ಕೆ ಒರಗಿದಳು. ಗಂಗಾ ಬಯ್ಯಲಿಲ್ಲ. ಒಂದು ಚೊಂಬು ನೀರು ತಂದುಕೊಟ್ಟಳು.

"ಅತ್ತೆ, ಹೊಗೆಯಾಗೆ ಕುಂತಿದ್ರಿ. ಕಣ್ಣು ಉರೀತಾ ಐತಾ?"

"ಇಲ್ಲವ್ವಾ, ಏನೂ ಇಲ್ಲ."

"ಸೊಂಟ ಹಿಡ್ಕಂತಾ? ಅಷ್ಟು ದೊಡ್ಡ ಗುಂಡು ತಿರುವಿದ್ರಲ್ಲ."

"ಆ ಗುಂಡು ನಂಗ್ಯಾವ ಲೆಕ್ಕ!" ಎಂದಳು ದೊಡ್ಡಕ್ಕ. ಮೆಹರುನ್ನೀಸಾಳ ಮಾತು ಇನ್ನೂ ತಲೆಯಲ್ಲಿ ಗುಂಯ್‌ಗುಡುತ್ತಿತ್ತು. "ಈಗ ಇನ್ನೊಂದು ಹಿಂಡು ಬರ್ಲಿ, ಹಿಂಗೇ ಹಾಕಿ ಬಡಿಸ್ತೀನಿ. ನಂಗೇನಾಗೈತೆ? ಕಲ್ಲು ಇದ್ದಂಗಿದೀನಿ."

"ಹಂಗಾ," ಎಂದಳು ಗಂಗಾ. "ಡಾಕ್ಟ್ರು ಹೇಳಿದ್ದ ಆ ಒಂದು ತಿಂಗಳು ಮುಗೀತು ಅನ್ನಿ."

ದೊಡ್ಡಕ್ಕನಿಗೆ ಗೆಳತಿಯರ ಕೈಯಿಂದ ತಪ್ಪಿಸಿಕೊಂಡ ಸಂಭ್ರಮದಲ್ಲಿ ತಾನು ನಡೆದು ಬಂದು ಬಿದ್ದದ್ದು ಎಲ್ಲಿಗೆ ಎಂದು ಆಗ ಹೊಳೆಯಿತು. ಥಟ್ಟನೆ ಕಣ್ಣಿಗೆ ಕೈ ಹಚ್ಚಿ, "ಅಯ್ಯೋ, ಈಗ ಯಾಕೋ ಚುಚ್ಚಿದಂಗಾಗ್ತೈತೆ ಗಂಗಾ" ಎಂದಳು.

"ಬ್ಯಾರೆ ಕಣ್ಣಿಗೆ ಹಚ್ಚೀರಿ ಕೈಯ," ಎಂದಳು ಗಂಗಾ. "ಆಪರೇಷನ್ ಆಗಿದ್ದು ಈ ಕಡೇದು."

ಮಗ ಬಂದರೆ ತನ್ನ ಪರ ನಿಂತಾನೆಂದು ದೊಡ್ಡಕ್ಕ ಸಂಜೆಯ ತನಕ ಕಾದಳು. ರಂಗೇಶ್ ಬಂದ, ಉಳಿದ ಹೋಳಿಗೆ ತಿಂದ, ತಟ್ಟೆಯನ್ನೂ ನೆಕ್ಕಿದ. "ಅವ್ವಾ, ಇದು ನಿನ್ ಕೈದಲ್ವಾ! ನಾಳೆಯಿಂದ ನನ್ ಬುತ್ತಿ ರೊಟ್ಟೀನೂ ನೀನೇ ಬಡಿ. ಗಂಗಾ, ನೀನು ಎರಡು ದಿನ ಆರಾಮಾಗಿರು, ಅವ್ವ ಗಟ್ಟಿ ಐತೆ" ಎಂದು ಹೇಳಿ ಕೈ ತೊಳೆದ.

ಮರುದಿನ ಬೆಳಿಗ್ಗೆ ದೊಡ್ಡಕ್ಕ ಕಸ ಹೊಡೆದಿದ್ದಳು, ನೀರು ಹಿಡಿದಿದ್ದಳು, ಕುರಿಗೆ ಸೊಪ್ಪು ಹಾಕಿದ್ದಳು, ಈಗ ಹಂಚಿನ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಕರೆಂಟು ಬಂದು ಫೋನಿಗೆ ಜೀವ ಬಂದಿತ್ತು. ಗುಂಪು ಟುಂಯ್ ಟುಂಯ್ ಎನ್ನುತ್ತಿತ್ತು. ಇಷ್ಟು ದಿನದಲ್ಲಿ ಇವತ್ತು ಒಂದು ದಿನ ಹೇಳಲು ನಿಜವಾದ ಸುದ್ದಿ ಎಷ್ಟೊಂದಿತ್ತು! ಆದರೆ ಎರಡೂ ಕೈ ಹಿಟ್ಟು, ಗುಂಡಿ ಒತ್ತಲು ಒಂದು ಬೆರಳೂ ಬಿಡುವಿರಲಿಲ್ಲ. ಮಂಚದ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದ ಗಂಗಾ, "ತಡೀರಿ ಅತ್ತೆ, ನಾನೇ ಕೇ‍ಳಿಸ್ತೀನಿ" ಎಂದು ಫೋನನ್ನು ಒತ್ತಿ ಅವಳ ಕಿವಿಯ ಹತ್ತಿರ ಹಿಡಿದಳು. ತಿಪ್ಪಮ್ಮನ ದನಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ನಡುಗಿಸಿತು.

"ದೊಡ್ಡಕ್ಕಾ, ಬೆಳಿಗ್ಗಿಂದ ನಿನ್ ಸುದ್ದೀನೇ ಇಲ್ಲಲ್ಲೇ! ನಾವು ಸೊಸೆಗೆ ಬುದ್ಧಿ ಹೇಳಿದ್ದೇ ತಡ, ಮಂಚ ಹತ್ತಿ ಕುಂತ್ಬಿಟ್ಯಾ?"